ದಾಂಡಿಗರ ತೂಕ: ೧೯೭೪–೭೫ರ ಭಾರತ–ವೆಸ್ಟ್ ಇಂಡೀಸ್ ಸರಣಿ



ಎರಡು ತಂಡಗಳ ದಾಂಡಿಗರನ್ನು ಎದುರುಬದುರಾಗಿ ನಿಲ್ಲಿಸಿ, ಯಾರು ಮೇಲು ಯಾರು ಕೀಳು ಎಂದು ನಿರ್ಣಯಿಸುವುದು ಕ್ರಿಕೆಟ್ ಪ್ರಿಯರ ಹಳೆಯ ಚಪಲ. ಬೆಂಗಳೂರಿನ ಕಾಫಿ ಹೋಟೆಲಿನಲ್ಲಿ ಹುಟ್ಟುವ ಈ ವಾದ, ಹೆಗ್ಗಡದೇವನಕೋಟೆಯ ಕಡೆಯ ಹಂಪಾಪುರದಂತಹ ಊರಿನ ಅರಳಿಕಟ್ಟೆಯ ಮೇಲೂ ಅಷ್ಟೇ ಕಾವಿನಿಂದ ನಡೆದೀತು. ಸರಣಿ ಮುಗಿದೊಡನೆ ಒಬ್ಬೊಬ್ಬರ ರನ್ನುಗಳನ್ನು ಕೂಡಿ, ಸರಾಸರಿ ತೆಗೆದು, ತೀರ್ಪು ಕೊಟ್ಟುಬಿಡುವುದು ವಾಡಿಕೆ. ಈ ಲೆಕ್ಕ ಸುಳ್ಳಲ್ಲ, ಆದರೆ ಸಾಲದು. ಹಂಪಾಪುರದ ಕಡೆಯ ರೈತನು ಕಣದಲ್ಲಿ ರಾಗಿಯ ರಾಶಿಯನ್ನು ಅಳೆಯುವಾಗ, ಅದು ಮಳೆ ಚೆನ್ನಾಗಿ ಹಿಡಿದ ವರ್ಷದ ರಾಶಿಯೋ, ಮಳೆ ಕೈಕೊಟ್ಟ ವರ್ಷದ್ದೋ ಎಂಬುದನ್ನು ಮರೆಯುವುದಿಲ್ಲ. ದಾಂಡಿಗರ ವಿಷಯದಲ್ಲಿ ನಾವು ಅದನ್ನು ಮರೆಯುತ್ತೇವೆ.

೧೯೭೪–೭೫ರಲ್ಲಿ ಭಾರತಕ್ಕೂ ವೆಸ್ಟ್ ಇಂಡೀಸಿಗೂ ನಮ್ಮ ದೇಶದಲ್ಲಿ ನಡೆದ ಐದು ಟೆಸ್ಟುಗಳನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳೋಣ. ಆಯ್ಕೆಯಲ್ಲಿ ಸ್ವಲ್ಪ ನಾಡಿನ ಅಭಿಮಾನವೂ ಬೆರೆತಿದೆ. ೧೯೭೩–೭೪ರಲ್ಲಿ ಕರ್ನಾಟಕವು ಬೊಂಬಾಯಿಯ ಹದಿನೈದು ವರ್ಷಗಳ ಏಕಚ್ಛತ್ರಾಧಿಪತ್ಯವನ್ನು ಮುರಿದು ಮೊದಲ ಸಲ ರಣಜಿ ಟ್ರೋಫಿಯನ್ನು ಗೆದ್ದಿತ್ತು. ಮರು ಋತುವಿನಲ್ಲಿಯೇ, ೧೯೭೪ರ ನವೆಂಬರ್ ೨೨ರಂದು, ಬೆಂಗಳೂರಿನ ನೆಲದ ಮೇಲೆ ಮೊಟ್ಟಮೊದಲ ಟೆಸ್ಟ್ ಪಂದ್ಯ ಆರಂಭವಾಯಿತು.

ಕಾಗದದ ಮೇಲೆ ನೋಡಿದರೆ ಎರಡು ತಂಡಗಳಿಗೂ ಹೋಲಿಕೆಯೇ ಇರಲಿಲ್ಲ. ವೆಸ್ಟ್ ಇಂಡೀಸಿನ ಕಡೆ ಫ್ರೆಡರಿಕ್ಸ್, ಗ್ರೀನಿಜ್, ಕಾಳಿಚರಣ್, ನಾಯಕ ಲಾಯ್ಡ್, ರಿಚರ್ಡ್ಸ್. ಗ್ರೀನಿಜ್ ಮತ್ತು ರಿಚರ್ಡ್ಸ್ ಇಬ್ಬರಿಗೂ ಬೆಂಗಳೂರೇ ಮೊದಲ ಟೆಸ್ಟು. ಭಾರತದ ಕಡೆ ಗವಾಸ್ಕರ್, ಇಂಜಿನಿಯರ್, ವಿಶ್ವನಾಥ್, ಪಟೌಡಿ, ಸೋಲ್ಕರ್, ಬ್ರಿಜೇಶ್ ಪಟೇಲ್. ಇವರಲ್ಲಿ ಗವಾಸ್ಕರ್ ಗಾಯಗೊಂಡು ಮಧ್ಯದ ಮೂರು ಪಂದ್ಯಗಳನ್ನು ಆಡಲಿಲ್ಲ. ಆ ಕಡೆಯ ದಾಂಡುಗಾರಿಕೆಯು ನಾಲ್ಕಾರು ಹಳ್ಳಗಳು ಬಂದು ಸೇರುವ ಕೆರೆಯಾದರೆ, ಈ ಕಡೆಯದು ಒಂದೇ ಒಸರಿನ ಬಾವಿ.

ಬೆಂಗಳೂರಿನಲ್ಲಿ, ಮಳೆಗೆ ನೆನೆದು ಆರುತ್ತಿದ್ದ ನೆಲದ ಮೇಲೆ, ಕಾಳಿಚರಣ್ ಹೊಡೆದ ೧೨೪ ರನ್ನುಗಳು ಆ ಪಂದ್ಯದ ಶ್ರೇಷ್ಠ ಆಟವೆಂದು ನಮ್ಮ ಎಣಿಕೆ. ಗ್ರೀನಿಜ್ ೯೩ ಮತ್ತು ೧೦೭, ಲಾಯ್ಡ್ ೧೬೩. ರಿಚರ್ಡ್ಸ್ ಮಾತ್ರ ೪ ಮತ್ತು ೩. ಎರಡು ಸಲವೂ ಅವರನ್ನು ಕೆಡವಿದವರು ಮೈಸೂರಿನಲ್ಲಿ ಹುಟ್ಟಿದ ನಮ್ಮ ಚಂದ್ರಶೇಖರ್. ಆದರೂ ಭಾರತ ೨೬೭ ರನ್ನುಗಳಿಂದ ಸೋತಿತು. ದೆಹಲಿಯಲ್ಲಿ ಅದೇ ರಿಚರ್ಡ್ಸ್ ಔಟಾಗದೆ ೧೯೨ ಹೊಡೆದರು. ಭಾರತಕ್ಕೆ ಇನ್ನಿಂಗ್ಸಿನ ಸೋಲು. ಅಲ್ಲಿಗೆ ಹೋಲಿಕೆ ಮುಗಿಯಿತೆಂದೇ ಎಲ್ಲರೂ ಬಗೆದಿದ್ದಿರಬೇಕು.

ಈಗ ಇಡೀ ಸರಣಿಯ ಮೊತ್ತವನ್ನು ನೋಡೋಣ. ಲಾಯ್ಡ್ ೬೩೬, ವಿಶ್ವನಾಥ್ ೫೬೮. ಸರಾಸರಿಯಲ್ಲಿಯೂ ಲಾಯ್ಡ್ ಅವರೇ ಮುಂದು. ಆದರೆ ಈ ರಾಶಿಗಳನ್ನು ಬಿಡಿಸಿ ನೋಡಿದರೆ ಬೇರೊಂದು ಕಥೆ ಹೊರಡುತ್ತದೆ. ಲಾಯ್ಡ್ ಅವರ ೬೩೬ರಲ್ಲಿ ೪೦೫ ರನ್ನುಗಳು ಎರಡೇ ಇನ್ನಿಂಗ್ಸುಗಳವು: ಬೆಂಗಳೂರಿನ ೧೬೩, ಬೊಂಬಾಯಿಯ ೨೪೨. ಕಲ್ಕತ್ತೆ, ಮದರಾಸುಗಳ ನಾಲ್ಕು ಇನ್ನಿಂಗ್ಸುಗಳಲ್ಲಿ ಅವರಿಗೆ ದೊರೆತದ್ದು ೧೯, ೨೮, ೩೯, ೭, ಒಟ್ಟು ೯೩. ಅದೇ ನಾಲ್ಕು ಇನ್ನಿಂಗ್ಸುಗಳಲ್ಲಿ ವಿಶ್ವನಾಥರದು ೫೨, ೧೩೯, ೯೭, ೪೬, ಒಟ್ಟು ೩೩೪. ಆ ಎರಡು ಪಂದ್ಯಗಳನ್ನೇ ಭಾರತ ಗೆದ್ದದ್ದು. ಸರಣಿಯ ಹತ್ತು ಇನ್ನಿಂಗ್ಸುಗಳಲ್ಲಿ ಭದ್ರಾವತಿಯ ಈ ಕುಳ್ಳ ಆಳು ೧೭ಕ್ಕಿಂತ ಕಡಮೆಗೆ ಒಮ್ಮೆಯೂ ಔಟಾಗಲಿಲ್ಲ.

ಮದರಾಸಿನ ೯೭ರ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ೧೯೭೫ರ ಜನವರಿ, ಸಂಕ್ರಾಂತಿಯ ಹೊತ್ತು. ಚೆಪಾಕಿನ ನೆಲದಲ್ಲಿ ಚೆಂಡು ಪುಟಿದೇಳುತ್ತಿತ್ತು. ರಾಬರ್ಟ್ಸ್ ಎಂಬ ವೇಗದ ಬೌಲರ್ ೬೪ ರನ್ನಿಗೆ ಏಳು ವಿಕೆಟ್ಟುಗಳನ್ನು ಕಿತ್ತರು. ಒಂದು ಕೊನೆಯಲ್ಲಿ ಜೊತೆಗಾರರು ಬಂದು ಬಂದು ಹೋಗುತ್ತಿದ್ದರೆ, ಇನ್ನೊಂದು ಕೊನೆಯಲ್ಲಿ ವಿಶ್ವನಾಥರು ಎದೆಯೆತ್ತರಕ್ಕೆ ಬಂದ ಚೆಂಡನ್ನೂ ಕುಡುಗೋಲಿನಿಂದ ಕೊಯ್ದಂತೆ ಸ್ಕ್ವೇರ್ ಕಟ್ ಮಾಡುತ್ತಿದ್ದರು. ಕೊನೆಯವರಾಗಿ ಬಂದ ಚಂದ್ರಶೇಖರ್, ಬೌಲಿಂಗಿನಲ್ಲಿ ಮಾಂತ್ರಿಕರು, ದಾಂಡು ಹಿಡಿದರೆ ಪರಮ ಬಡವರು, ಔಟಾದಾಗ ತಂಡದ ಮೊತ್ತ ೧೯೦. ವಿಶ್ವನಾಥ್ ಔಟಾಗದೆ ೯೭. ಉಳಿದ ಹತ್ತು ಮಂದಿಯೂ ಇತರೆ ರನ್ನುಗಳೂ ಸೇರಿ ೯೩. ಶತಕಗಳನ್ನು ಮಾತ್ರ ಎಣಿಸುವ ಪಟ್ಟಿಯಲ್ಲಿ ಈ ಆಟಕ್ಕೆ ಸ್ಥಳವೇ ಇಲ್ಲ. ಪಟ್ಟಿಯ ಬಡತನವೆಂದಲ್ಲದೆ ಇದನ್ನು ಏನೆನ್ನೋಣ?

ಲಾಯ್ಡ್ ಅವರಿಗೂ ನ್ಯಾಯ ಸಲ್ಲಿಸಬೇಕು. ವಿಶ್ವನಾಥರು ಎದುರಿಸಿದ ರಾಬರ್ಟ್ಸ್ ಸರಣಿಯಲ್ಲಿ ೩೨ ವಿಕೆಟ್ಟುಗಳನ್ನು ಪಡೆದ ಭಯಂಕರ ಬೌಲರ್ ಎಂಬುದೇನೋ ದಿಟ. ಆದರೆ ಲಾಯ್ಡ್ ಎದುರಿಸಿದ್ದು ಬೇಡಿ, ಪ್ರಸನ್ನ, ಚಂದ್ರಶೇಖರ್ ಎಂಬ ಮೂವರನ್ನು, ಅದೂ ಚೆಂಡು ತಿರುಗುವ ನೆಲದ ಮೇಲೆ. ಕಲ್ಕತ್ತೆಯಲ್ಲಿ ೩೧೦ ಬೇಕಾಗಿದ್ದಾಗ ವೆಸ್ಟ್ ಇಂಡೀಸ್ ೨೨೪ಕ್ಕೆ ಮುಗಿಯಿತು. ಮದರಾಸಿನಲ್ಲಿ ೨೫೫ ಬೇಕಾಗಿದ್ದಾಗ ೧೫೪ಕ್ಕೆ. ಕೆರೆ ದೊಡ್ಡದೇ, ಆದರೆ ಆ ನಾಲ್ಕಾರು ಹಳ್ಳಗಳೂ ಒಂದೇ ಬಿಸಿಲಿಗೆ ಬತ್ತುವಂಥವು. ಐವರು ಘನ ದಾಂಡಿಗರಿದ್ದರೆ ಒಬ್ಬರು ಸೋತಾಗ ಇನ್ನೊಬ್ಬರು ನಿಂತಾರೆಂಬುದು ನಂಬಿಕೆ. ಐವರ ಕೊರತೆಯೂ ಒಂದೇ ಆಗಿದ್ದರೆ ಆ ನಂಬಿಕೆ ನಿಲ್ಲದು.

ಎರಡೆರಡು ಪಂದ್ಯಗಳ ಸಮಬಲದಲ್ಲಿ ತಂಡಗಳು ಬೊಂಬಾಯಿಗೆ ಬಂದುವು. ವಾಂಖೆಡೆ ಕ್ರೀಡಾಂಗಣದಲ್ಲಿ ಅದು ಮೊದಲ ಟೆಸ್ಟು. ಅಲ್ಲಿ ಹೊಸ ನೆಲ ದಾಂಡಿಗರಿಗೆ ಒಲಿಯಿತು. ಆರು ವಿಕೆಟ್ಟಿಗೆ ೬೦೪ ರನ್ನು, ಲಾಯ್ಡ್ ಔಟಾಗದೆ ೨೪೨. ಭಾರತದ ಉತ್ತರವೂ ಹಗುರವಾದುದಲ್ಲ: ಸೋಲ್ಕರ್ ೧೦೨, ಮರಳಿ ಬಂದ ಗವಾಸ್ಕರ್ ೮೬, ವಿಶ್ವನಾಥ್ ೯೫, ಮೊತ್ತ ೪೦೬. ಎರಡನೆಯ ಸಲ ಭಾರತ ೨೦೨ಕ್ಕೆ ಔಟಾಯಿತು. ವಿಶ್ವನಾಥರದು ಆಗ ೧೭. ಸರಣಿ ೩–೨ರಂತೆ ವೆಸ್ಟ್ ಇಂಡೀಸಿಗೆ ಸಂದಿತು.