ಹಣೆಬರಹವೂ ವಂಶವಾಹಿಯೂ

ನಾನು ವೈದ್ಯನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾಗಿ, ಶಿರಸಿ ಸೀಮೆಯ ಮತ್ತಿಘಟ್ಟದಲ್ಲಿ ನೆಲೆಸಿರುವವನು. ನಲವತ್ತರ ಆಸುಪಾಸಿನಲ್ಲಿ ಯಾರಾದರೂ ಎದೆನೋವಿನಿಂದ ತೀರಿಕೊಂಡರೆ, "ಆ ಮನೆತನದ ಗಂಡಸರಿಗೆ ಆಯುಸ್ಸಿಲ್ಲ; ಹಣೆಬರಹ" ಎನ್ನುವವರನ್ನು ನಾನು ಬಲ್ಲೆ. ಮಾತಿನ ಮೊದಲರ್ಧದಲ್ಲಿ ಸೂಕ್ಷ್ಮ ಅವಲೋಕನವಿದೆ. ಉಳಿದರ್ಧವನ್ನು ಇಂದು ಒಪ್ಪಬೇಕಾಗಿಲ್ಲ.

ಕೊಲೆಸ್ಟರಾಲ್ ಎಂಬ ಜಿಡ್ಡು ದೇಹಕ್ಕೆ ಬೇಕಾದುದೇ. ರಕ್ತದಲ್ಲಿ ಅದನ್ನು ಹೊತ್ತೊಯ್ಯುವ ಎಲ್‌ಡಿಎಲ್ ಕಣಗಳನ್ನು ಯಕೃತ್ತಿನ ಜೀವಕೋಶಗಳು ತಮ್ಮ ಗ್ರಾಹಕಗಳಿಂದ ಹಿಡಿದು ಒಳಗೆಳೆದುಕೊಳ್ಳುತ್ತವೆ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಗ್ರಾಹಕದ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಹುಟ್ಟಿದಂದಿನಿಂದಲೇ ಜಿಡ್ಡು ಏರಿರುತ್ತದೆ; ಗಂಜಿಯುಂಡು ಬೆಳೆದ ತೆಳ್ಳನೆಯ ಮಗುವೂ ಇದಕ್ಕೆ ಹೊರತಲ್ಲ. ಜಗತ್ತಿನಲ್ಲಿ ಸುಮಾರು 250 ಜನರಲ್ಲಿ ಒಬ್ಬರಿಗೆ ಇಂಥ ಆನುವಂಶಿಕ ದೋಷವಿದೆ. ಅವರ ಪ್ರತಿ ಮಗುವಿಗೂ ಅದು ಇಳಿಯುವ ಸಂಭವ ಅರ್ಧಕ್ಕರ್ಧ. ತಂದೆತಾಯಿ ಇಬ್ಬರಿಂದಲೂ ಬಂದರೆ ಮೊಣಕೈ, ಮೊಣಕಾಲುಗಳ ಮೇಲೆ ಹಳದಿ ಗಂಟುಗಳೆದ್ದು, ಬಾಲ್ಯದಲ್ಲೇ ಹೃದಯಾಘಾತವಾಗಬಹುದು. ಸೋದರ ಸಂಬಂಧದ ಮದುವೆ ರೂಢಿಯಲ್ಲಿರುವ ನಾಡಿನವರು ಇದನ್ನು ಮರೆಯಬಾರದು.

ಮೊದಲು ಸಾಧಾರಣ ರಕ್ತಪರೀಕ್ಷೆ. ಮನೆತನದಲ್ಲಿ ಅಕಾಲ ಹೃದ್ರೋಗವಿದ್ದು, ಮಗುವಿನ ಎಲ್‌ಡಿಎಲ್ 160 ಮಿಲಿಗ್ರಾಂ ದಾಟಿದ್ದರೆ ಸಂಶಯ ಬಲವಾಗುತ್ತದೆ. ರೋಗವಿರುವ ಹಿರಿಯರ ವಂಶವಾಹಿಯಲ್ಲಿ ದೋಷ ಎಲ್ಲಿದೆಯೆಂದು ತಿಳಿದರೆ, ಮಕ್ಕಳಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ದೋಷವಿದ್ದ ಮಗುವಿಗೆ ಆಹಾರಕ್ರಮದ ಜೊತೆಗೆ, ಎಂಟು ಹತ್ತು ವರ್ಷದಿಂದಲೇ ವೈದ್ಯರು ಸ್ಟಾಟಿನ್ ಮಾತ್ರೆ ಕೊಡಬಲ್ಲರು. 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಬೂಷ್ಟಿನಲ್ಲಿ ಕಂಡುಕೊಂಡ ಔಷಧವಂಶವಿದು.

"ಆಡುವ ಮಗುವಿಗೆ ರೋಗಿಯೆಂಬ ಹೆಸರೇಕೆ? ನಾಳೆ ಮದುವೆಗೆ ತೊಡಕಾಗದೇ?" ಎಂದು ತಾಯಂದಿರು ಕೇಳಬಹುದು. ಈ ಅಳುಕನ್ನು ನಾನು ಹಗುರವಾಗಿ ಕಾಣಲಾರೆ. ಪರೀಕ್ಷೆಯ ಫಲ ಆ ಮಗುವಿನ ಸ್ವಂತದ್ದು. ಅದು ಊರ ಜಗಲಿಯ ಮಾತಾಗಬಾರದು. ಮಗುವಿಗೂ ಅದರ ವಯಸ್ಸಿಗೆ ತಕ್ಕಂತೆ ತಿಳಿಸಿ ಹೇಳಬೇಕು. ಆದರೆ ಗುಟ್ಟು ಕಾಯಲೆಂದು ಪರೀಕ್ಷೆಯನ್ನೇ ಬಿಟ್ಟರೆ ರಕ್ತನಾಳದೊಳಗಿನ ಜಿಡ್ಡು ಕಾದು ಕೂರುವುದಿಲ್ಲ.

ನಮ್ಮ ಸೀಮೆಯ ಕೃಷಿಕರು ಕೊಳೆರೋಗ ಬರಲೆಂದು ಕಾಯುವುದಿಲ್ಲ; ಮಳೆ ಹಿಡಿಯುವ ಮೊದಲೇ ಅಡಿಕೆ ಕೊನೆಗಳಿಗೆ ಮದ್ದು ಹೊಡೆಯುತ್ತಾರೆ, ಕೊಟ್ಟೆ ಕಟ್ಟುತ್ತಾರೆ. ತೋಟಕ್ಕಿರುವ ಈ ವಿವೇಕ ತೊಟ್ಟಿಲಿಗೂ ಸಲ್ಲಲಿ. ಮನೆಯಲ್ಲಿ ಯಾರು, ಯಾವ ವಯಸ್ಸಿನಲ್ಲಿ, ಹೇಗೆ ತೀರಿಕೊಂಡರೆಂದು ಹಿರಿಯರನ್ನು ಕೇಳಿ ಬರೆದಿಡಿ. ಮಕ್ಕಳನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ಆ ಹಾಳೆಯೂ ಜೊತೆಗಿರಲಿ.