ಮಳಿಗೆಗೆ ಹಣ ಕಟ್ಟುವ ಮೊದಲು



ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿರುಗುಪ್ಪದಿಂದ ಒಂದು ಅರ್ಜಿ ಹಿಡಿದುಕೊಂಡು ಬಂದಳು. ಬಳ್ಳಾರಿಯಲ್ಲಿ ಮೂರು ದಿನದ ಕರಕುಶಲ ಮೇಳ, ಮಳಿಗೆ ಬಾಡಿಗೆ 1,800 ರೂಪಾಯಿ. ಈಕೆ ರೇಷ್ಮೆ ದಾರದ ಬಳೆ, ಜುಮುಕಿ ಮಾಡುತ್ತಾಳೆ. ಕೈಕೆಲಸ ಬಹಳ ಚೊಕ್ಕ. "ಟೀಚರ್, ಕಟ್ಟಲಾ, ಬೇಡವಾ?" ಎಂದಳು. ಆ ಹಣ ಅವಳ ತಾಯಿ ಡಿಗ್ರಿ ಫೀಸಿಗೆಂದು ಎತ್ತಿಟ್ಟದ್ದು. ಆದ್ದರಿಂದ "ಧೈರ್ಯ ಮಾಡು" ಎಂದು ಬೆನ್ನು ತಟ್ಟಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಇಬ್ಬರೂ ಕಾಗದ ಪೆನ್ನು ತೆಗೆದುಕೊಂಡು ಕುಳಿತೆವು. ನಿಮ್ಮಲ್ಲೂ ಹಲವರು ಇಂಥ ಕೆಲಸ ಮಾಡುತ್ತೀರಿ, ಅದಕ್ಕೇ ಆ ಲೆಕ್ಕವನ್ನು ಇಲ್ಲಿ ಹೇಳುತ್ತಿದ್ದೇನೆ.

ಬಸ್ಸಿನ ಖರ್ಚಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲವಲ್ಲ. ರಾತ್ರಿ ಉಳಿಯಲು ಕೌಲ್ ಬಜಾರಿನಲ್ಲಿ ಚಿಕ್ಕಮ್ಮನ ಮನೆ ಇದೆ. ಆದರೂ ಆಟೋ, ಊಟ, ಚಹಾ, ಮೇಜಿನ ಬಟ್ಟೆ, ಕನ್ನಡಿ ಎಂದು 1,200 ಆಯಿತು. ಬಾಡಿಗೆ ಸೇರಿ 3,000. ಒಂದು ಸೆಟ್ ಬಳೆ 150ಕ್ಕೆ ಮಾರುತ್ತಾಳೆ. ದಾರ, ಕುಂದನ್, ಅಂಟು, ಒಳಗಿನ ಪ್ಲಾಸ್ಟಿಕ್ ಬಳೆ ಎಲ್ಲ ಸೇರಿ 60. "ಹಾಗಾದರೆ ಸೆಟ್ಟಿಗೆ 90 ಲಾಭ, 34 ಸೆಟ್ ಹೋದರೆ ಸಾಕು. ನನ್ನ ಹತ್ತಿರ 40 ಇವೆ" ಎಂದು ಅವಳ ಮುಖ ಅರಳಿತು.

"ನಿನ್ನ ಮಜೂರಿ ಎಲ್ಲಿ?" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲಿ ಪೀಸಿಗೆ ಇಷ್ಟು ಎಂದು ಪೈಸೆ ಪೈಸೆ ಎಣಿಸಿ ತೆಗೆದುಕೊಳ್ಳುತ್ತಾರೆ. ಅದೇ ಮನೆಯ ಹುಡುಗಿ ತನಗಾಗಿ ಬಳೆ ಸುತ್ತಲು ಕುಳಿತರೆ ತನ್ನ ಕೂಲಿಯನ್ನೇ ಮರೆಯುತ್ತಾಳೆ! ಒಂದು ಸೆಟ್ಟಿಗೆ ಎರಡು ಗಂಟೆ. ಗಂಟೆಗೆ ಬರೀ 20 ರೂಪಾಯಿ ಹಿಡಿದರೂ 40 ಹೋಯಿತು, ಉಳಿದದ್ದು 50. ಈಗ 34 ಅಲ್ಲ, 60 ಸೆಟ್ ಮಾರಬೇಕು. ಇರುವುದೇ 40. ಒಂದೂ ಉಳಿಯದಂತೆ ಮಾರಿದರೂ ಅವಳ ಕೈಗೆ ಬರುವುದು 600 ರೂಪಾಯಿ, ಅದೂ 80 ಗಂಟೆಯ ದುಡಿಮೆಗೆ. ತಾಯಿ ಮಗಳು ಮೂರು ದಿನ ಮಳಿಗೆಯಲ್ಲಿ ಕೂರುವುದನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಎರಡೂ ಭಾಷೆ ಕಲಿಸುವವಳಾದ್ದರಿಂದ ಒಂದು ಮಾತು. ಕನ್ನಡದ 'ಕಸುಬು' ಅರಬಿಯ 'ಕಸ್ಬ್' ಎಂಬ ಪದದಿಂದ ಬಂದದ್ದು. ಅದರ ಅರ್ಥವೇ ಸಂಪಾದನೆ. 'ಹುನರ್' ಬೇರೆ, ಅದು ಕೌಶಲ. ಈ ಹುಡುಗಿಯ ಬಳಿ ಹುನರ್ ಇತ್ತು, ಕಸುಬು ಇನ್ನೂ ಆಗಿರಲಿಲ್ಲ.

ಜನ ಎಷ್ಟು ಸೇರುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ನೀವು ಅದನ್ನು ಕೇಳಬೇಡಿ. ಹಿಂದಿನ ವರ್ಷ ಮಳಿಗೆ ಹಾಕಿದ್ದವರನ್ನು ಹುಡುಕಿ, ಎಷ್ಟು ಮಾರಾಟವಾಯಿತು ಎಂದು ಕೇಳಿ. ಪಕ್ಕದ ಮಳಿಗೆಯಲ್ಲಿ ಯಂತ್ರದಲ್ಲಿ ಮಾಡಿದ ಬಳೆ 30 ರೂಪಾಯಿಗೆ ಹೋಗುತ್ತಿದ್ದರೆ ನಿಮ್ಮ 150ರ ಬಳೆಯನ್ನು ಮುಟ್ಟಿ ನೋಡಿ ಮುಂದೆ ಹೋಗುತ್ತಾರೆ. ಸರಕನ್ನು ರಾತ್ರಿ ಯಾರು ಕಾಯುತ್ತಾರೆ, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ, ಇವನ್ನೂ ಸಂಕೋಚವಿಲ್ಲದೆ ಕೇಳಿ.

ಊರು, ಕಾಲ ನೋಡಬೇಕು. ಸಿರುಗುಪ್ಪ ಭತ್ತದ ಊರು. ಭತ್ತ ಮಾರಿ ಹಣ ಬಂದಾಗ ಮದುವೆಗಳು, ಬಳೆಗಳು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರಿಗೆ ಬರುವವರು ಮಕ್ಕಳಿಗೆ ಕ್ಲಿಪ್ಪು, ಗಾಜಿನ ಬಳೆ ಕೊಳ್ಳುತ್ತಾರೆ. ಅಲ್ಲಿಗೆ 20–30 ರೂಪಾಯಿಯ ಸಾಮಾನು ಒಯ್ಯಿರಿ, ಕುಂದನ್ ಸೆಟ್ ಮನೆಯಲ್ಲಿರಲಿ. ನವೆಂಬರ್ ಆರಂಭದಲ್ಲಿ ನಡೆಯುತ್ತಿದ್ದ ಹಂಪಿ ಉತ್ಸವ 2024ರಲ್ಲಿ ಫೆಬ್ರವರಿ ಮೊದಲ ವಾರಕ್ಕೆ, 2025ರಲ್ಲಿ ಫೆಬ್ರವರಿ ಕೊನೆಗೆ ಬಂತು. ಅದನ್ನೇ ನಂಬಿ ಸಾಲ ಮಾಡಿ ಸರಕು ತುಂಬಬೇಡಿ. ಈದ್ ಕೂಡ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ, ಆದರೆ ಅದು ಮೊದಲೇ ಗೊತ್ತಿರುವ ಸಂಗತಿ.

ಹಾಗೆಂದು ಮೇಳವೇ ಬೇಡ ಎನ್ನುತ್ತಿಲ್ಲ. ಸಂಡೂರಿನ ಲಂಬಾಣಿ ಮಹಿಳೆಯರನ್ನು ನೋಡಿ. ಅವರ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಅವರ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಆದರೆ ಅವರ ಬೆನ್ನಿಗೆ ಸಂಡೂರು ಕುಶಲ ಕಲಾ ಕೇಂದ್ರ ಇದೆ. ಬಾಡಿಗೆಯ ಭಾರ ಒಬ್ಬಳ ತಾಯಿಯ ಡಬ್ಬಿಯ ಮೇಲೆ ಬೀಳುವುದಿಲ್ಲ. ನೀವೂ ನಾಲ್ವರು ಸೇರಿ ಒಂದು ಮಳಿಗೆ ಹಿಡಿದರೆ 1,800 ಎಂಬುದು 450 ಆಗುತ್ತದೆ. ಸಂಘವೇ ಒಂದು ಮಳಿಗೆ ಹಿಡಿಯಬಾರದೇಕೆ? ಪದಾಧಿಕಾರಿಗಳು ಇಲ್ಲೇ ಕುಳಿತಿದ್ದಾರೆ, ಕೇಳಿಸಿಕೊಳ್ಳಲಿ.

ಮೇಳದಿಂದ ಆರ್ಡರ್ ಬರುತ್ತದೆ ಎನ್ನುವುದೂ ನಿಜ. ಮದುವೆ ಸೀರೆಯ ಬಣ್ಣಕ್ಕೆ ಹೊಂದುವ ಬಳೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದರೆ ಮುಂಗಡ ಕೊಟ್ಟ ಆರ್ಡರನ್ನು ಮಾತ್ರ ಆರ್ಡರ್ ಎಂದು ಬರೆದುಕೊಳ್ಳಿ. ಫೋನ್ ನಂಬರ್ ಪಡೆದು ಹೋದವರೆಲ್ಲ ಫೋನ್ ಮಾಡುವುದಿಲ್ಲ.

ಆ ಹುಡುಗಿ ಅರ್ಜಿ ಹರಿಯಲಿಲ್ಲ, ಮಡಚಿ ಚೀಲದಲ್ಲಿ ಇಟ್ಟುಕೊಂಡಳು. ಹಣ ಕಾಲೇಜಿಗೆ ಹೋಯಿತು. ರಂಜಾನ್‌ನ ಕೊನೆಯ ವಾರ ಸಿರುಗುಪ್ಪದಲ್ಲಿ ಸಂಬಂಧಿಕರ ಮನೆಯ ಮುಂದೆ ಮೇಜು ಹಾಕಿ ಕುಳಿತಳು, ಬಾಡಿಗೆ ಇಲ್ಲ. ಚಾಂದ್ ರಾತ್ ಮುಗಿಯುವಷ್ಟರಲ್ಲಿ 31 ಸೆಟ್ ಹೋದವು. ಇನ್ನೂ ಹೋಗುತ್ತಿದ್ದವು, 2.8 ಅಳತೆಯ ಬಳೆ ಮುಗಿದುಹೋಗಿತ್ತು. ಉಳಿದ ಒಂಬತ್ತೂ 2.4. "ಟೀಚರ್, ಕೊಳ್ಳುವವರು ಅಮ್ಮಂದಿರು, ನಾನು ನನ್ನ ಕೈಯಳತೆಗೆ ಮಾಡಿದ್ದೆ" ಎಂದು ಫೋನಿನಲ್ಲಿ ನಕ್ಕಳು.