ಬಲ ಮತ್ತು ಬಾಳಿಕೆ



ಉಳುವ ಮಣ್ಣಿಗೆ ಹದವುಂಟು, ಆಲೆಮನೆಯ ಪಾಕಕ್ಕೆ ಹದವುಂಟು, ಕುಲುಮೆಯ ಕಬ್ಬಿಣಕ್ಕೆ ಹದವುಂಟು. ಒಂದು ವಸ್ತು ತನ್ನ ಗುಣವನ್ನು ತುಂಬಿ ಕೊಡುವ, ಆದರೆ ಇನ್ನೂ ಕೆಡದಿರುವ ಎಡೆಗೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದ ನಾನು ಈ ಹೊತ್ತು ಮೋಟಾರು ಇಂಜಿನ್ನಿನ ವಿಷಯ ಎತ್ತಿಕೊಂಡಿರುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಹದವೆಂಬುದರ ಅರ್ಥವನ್ನು ಇಷ್ಟು ಕಠೋರವಾಗಿ ಕಲಿಸುವ ಯಂತ್ರ ಟರ್ಬೊ ಅಳವಡಿಸಿದ ಕಾರಿನ ಇಂಜಿನ್ನಿನಂತೆ ಇನ್ನೊಂದಿರಲಾರದು. ಇಂಥ ಕಾರುಗಳು ಈಗ ನಮ್ಮ ಊರುಗಳ ಬೀದಿಬೀದಿಗಳಲ್ಲಿವೆ. ಅವುಗಳಿಂದ ಇನ್ನಷ್ಟು ಶಕ್ತಿ ಹಿಂಡಬೇಕೆಂಬ ಆಸೆ ತರುಣರಲ್ಲಿ ಬಲವಾಗಿದೆ. ಆದ್ದರಿಂದ ವಿಷಯ ನಮ್ಮ ಮನೆಬಾಗಿಲಿಗೇ ಬಂದಿದೆ.

ಇಂಜಿನ್ನಿನ ಆಹಾರ ಪೆಟ್ರೋಲೆಂದು ನಾವು ತಿಳಿದಿದ್ದೇವೆ. ತೂಕದ ಲೆಕ್ಕದಲ್ಲಿ ಅದು ಉಣ್ಣುವುದು ಹೆಚ್ಚಾಗಿ ಗಾಳಿಯನ್ನೇ. ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲನ್ನು ಬೇಕಾದಷ್ಟು ಸುರಿಯುವುದು ಸುಲಭ. ಗಾಳಿಯನ್ನು ತುಂಬುವುದೇ ಕಷ್ಟ. ಇತ್ತ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಬಿಸಿ ಹೊಗೆಯೊಡನೆ ಹೊರಗೆ ಹೋಗಿ ವ್ಯರ್ಥವಾಗುತ್ತದೆ. ಈ ಎರಡು ಕೊರತೆಗಳನ್ನು ಒಂದಕ್ಕೊಂದು ಗಂಟುಹಾಕಿದವನು ಸ್ವಿಟ್ಸರ್ಲೆಂಡಿನ ಇಂಜಿನಿಯರ್ ಆಲ್‌ಫ್ರೆಡ್ ಬ್ಯೂಖಿ. 1905ರಲ್ಲಿ ಆತ ಪಡೆದ ಪೇಟೆಂಟಿನ ತಿರುಳು ಇದು: ಹೊರಹೋಗುವ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸುವುದು, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಇಂಜಿನ್ನಿನೊಳಕ್ಕೆ ನೂಕುವುದು. ಟರ್ಬೊ ಎಂದರೆ ಇಷ್ಟೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಆ ಚಕ್ರ ಮಿನಿಟಿಗೆ ಲಕ್ಷಕ್ಕೂ ಮೀರಿ ಸುತ್ತು ಹಾಕುತ್ತದೆ. 1918ರಲ್ಲಿ ಅಮೆರಿಕೆಯ ಸ್ಯಾನ್‌ಫರ್ಡ್ ಮಾಸ್ ಒಂದು ವಿಮಾನದ ಇಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಎಂಬ 14,000 ಅಡಿ ಎತ್ತರದ ಶಿಖರಕ್ಕೆ ಹೊತ್ತೊಯ್ದು, ಗಾಳಿ ತೆಳುವಾದ ಆ ಎಡೆಯಲ್ಲೂ ಟರ್ಬೊ ಇದ್ದರೆ ಇಂಜಿನ್ನು ಸಮುದ್ರಮಟ್ಟದ ಬಲವನ್ನೇ ಕೊಡುತ್ತದೆಂದು ತೋರಿಸಿದ.

ಇಲ್ಲಿಯವರೆಗೆ ಎಲ್ಲವೂ ಲಾಭದ ಮಾತು. ಸಾಲದ ಬಡ್ಡಿ ಆರಂಭವಾಗುವುದು ಇನ್ನು ಮುಂದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಗೊತ್ತು, ಹಿಂಡಿದ ಗಾಳಿ ಬಿಸಿಯಾಗುತ್ತದೆ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದೆಯೆನ್ನಿ. ಸಾಧಾರಣ ಟರ್ಬೊ ಅದನ್ನು ವಾಯುಮಂಡಲದ ಒತ್ತಡದ 1.7 ಪಟ್ಟಿಗೆ ಹಿಂಡಿದಾಗ ಉಷ್ಣತೆ 100 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಎರಡು ಪಟ್ಟಿಗೆ ಹಿಂಡಿದರೆ 125ರ ಸಮೀಪಕ್ಕೆ. ಈ ಬಿಸಿಗಾಳಿ ಪೆಟ್ರೋಲಿನೊಡನೆ ಬೆರೆತು ಸಿಲಿಂಡರಿನಲ್ಲಿ ಮತ್ತೆ ಅದುಮಲ್ಪಡುತ್ತದೆ. ಸರಿಯಾದ ದಹನದಲ್ಲಿ ಕಿಡಿಯಿಂದ ಹೊರಟ ಜ್ವಾಲೆ ಬೇಸಗೆಯ ಹುಲ್ಲಿಗೆ ತಗುಲಿದ ಬೆಂಕಿಯಂತೆ ಅಂಚಿನಿಂದ ಅಂಚಿಗೆ ಕ್ರಮವಾಗಿ ಹರಡಬೇಕು. ಬಿಸಿಯೂ ಒತ್ತಡವೂ ಮಿತಿಮೀರಿದಾಗ, ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಒಮ್ಮೆಗೇ ಸಿಡಿಯುತ್ತದೆ. ನಮ್ಮ ಮೆಕ್ಯಾನಿಕರು ಇದನ್ನೇ ‘ನಾಕಿಂಗ್’ ಎನ್ನುತ್ತಾರೆ. ಸುತ್ತಿಗೆಯ ಪೆಟ್ಟಿನಂಥ ಆ ಸಿಡಿತ ಪಿಸ್ಟನ್ನಿನ ಮೈಗಂಟಿ ಅದನ್ನು ಕಾಪಾಡುತ್ತಿದ್ದ ತೆಳುವಾದ ಗಾಳಿಪದರವನ್ನು ಚದುರಿಸುತ್ತದೆ. ಆಮೇಲೆ ಅಲ್ಯುಮಿನಿಯಮ್ಮು ಕರಗಲು ಹೆಚ್ಚು ಹೊತ್ತು ಬೇಕಿಲ್ಲ.

ಈ ವೈರಿಯನ್ನು ಎದುರಿಸಿದ ಎರಡು ಬಗೆಗಳನ್ನು ಚರಿತ್ರೆಯಿಂದ ಹೇಳುತ್ತೇನೆ. 1962ರಲ್ಲಿ ಅಮೆರಿಕೆಯ ಓಲ್ಡ್ಸ್‌ಮೊಬೀಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರನ್ನು ಮಾರುಕಟ್ಟೆಗೆ ತಂದಿತು. ಮೂರೂವರೆ ಲೀಟರಿನ ಇಂಜಿನ್ನು, 215 ಅಶ್ವಶಕ್ತಿ. ಸಿಲಿಂಡರಿನ ಒಳಗಿನ ಬೇಗೆಯನ್ನು ತಗ್ಗಿಸಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವೊಂದನ್ನು ಅದಕ್ಕೆ ಚಿಮುಕಿಸುವ ಏರ್ಪಾಡಿತ್ತು. ಜಾಣ ಉಪಾಯವೇ ಸರಿ. ಆದರೆ ಮಾಲೀಕರು ಆ ದ್ರವದ ತೊಟ್ಟಿಯನ್ನು ತುಂಬಲು ಮರೆತರು. ತೊಟ್ಟಿ ಬರಿದಾದಾಗ ಒತ್ತಡ ತಗ್ಗಿ ಶಕ್ತಿ ಉಡುಗುತ್ತಿತ್ತು, ದೂರುಗಳು ಬೆಳೆದವು. ಕಾರು ಎರಡೇ ವರ್ಷದಲ್ಲಿ ನಿಂತಿತು. ಬಳಿಕ ಅನೇಕ ಕಾರುಗಳಿಂದ ಟರ್ಬೊವನ್ನೇ ಬಿಚ್ಚಿ ಕಾರ್ಬುರೇಟರು ಹಾಕಲಾಯಿತು. ಮನುಷ್ಯನ ಎಚ್ಚರವನ್ನೇ ನಂಬಿ ಕಟ್ಟಿದ ಬಲ ಬಹುಕಾಲ ನಿಲ್ಲುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಎರಡನೆಯದು ಸ್ವೀಡನ್ನಿನ ಸಾಬ್ ಕಂಪನಿಯ ಕಥೆ. 1977ರಲ್ಲಿ ಪ್ರದರ್ಶನಕ್ಕೆ ಬಂದ ಸಾಬ್ 99 ಟರ್ಬೊ ಕಾರಿನಲ್ಲಿ ಎರಡು ಲೀಟರಿನ ಇಂಜಿನ್ನು 145 ಅಶ್ವಶಕ್ತಿ ಕೊಡುತ್ತಿತ್ತು. ಟರ್ಬೊ ಇಲ್ಲದ ಅದೇ ಇಂಜಿನ್ನಿನ ಶಕ್ತಿ 118. ಈ ಕೆಲಸದಲ್ಲಿ ಮುಂದಾಳಾಗಿದ್ದ ಇಂಜಿನಿಯರು ಪೆರ್ ಗಿಲ್‌ಬ್ರಾಂಡ್. ಆತ ರೇಸಿನ ಹೆಬ್ಬಯಕೆಯನ್ನು ಬಿಟ್ಟು, ನಿತ್ಯದ ರಸ್ತೆಯಲ್ಲಿ ಬೇಕಾಗುವ ನಡುವೇಗದ ಎಳೆತವನ್ನು ಗುರಿಯಾಗಿಟ್ಟುಕೊಂಡ. ದೊಡ್ಡ ಟರ್ಬೊ ಬದಲು ಬೇಗ ವೇಗ ಹಿಡಿಯುವ ಚಿಕ್ಕ ಟರ್ಬೊ ಆರಿಸಿದ. ಒತ್ತಡ ಮೇರೆ ಮೀರಿದೊಡನೆ ಹೊಗೆಯನ್ನು ಪಕ್ಕದ ದಾರಿಯಿಂದ ಬಿಟ್ಟುಬಿಡುವ ವೇಸ್ಟ್‌ಗೇಟ್ ಎಂಬ ಕವಾಟವನ್ನು ಜೊತೆಗಿಟ್ಟ. ಕೆರೆಗೆ ಕೋಡಿಯಿದ್ದಂತೆ ಇದು. ಕೋಡಿಯಿಲ್ಲದ ಕೆರೆಯ ಏರಿ ಎಷ್ಟು ಗಟ್ಟಿಯಾಗಿದ್ದರೇನು, ಒಂದು ಮಳೆಗಾಲಕ್ಕೆ ಒಡೆದೀತು.

1982ರ ಮಾದರಿಗಳಲ್ಲಿ ಸಾಬ್ ಇನ್ನೊಂದು ಹೆಜ್ಜೆಯಿಟ್ಟಿತು. ಇಂಜಿನ್ನಿನ ಮೈಗೆ ಒಂದು ಕಿವಿಯನ್ನು ಅಂಟಿಸಿತು. ನಾಕಿಂಗಿನ ಮೊದಲ ಸದ್ದು ಆ ಕಿವಿಗೆ ಬಿದ್ದೊಡನೆ ವಿದ್ಯುತ್ ವ್ಯವಸ್ಥೆಯೊಂದು ವೇಸ್ಟ್‌ಗೇಟನ್ನು ತೆರೆದು ಒತ್ತಡವನ್ನು ತಗ್ಗಿಸುತ್ತದೆ. ಅಪಾಯ ತೊಲಗಿದೊಡನೆ ಮತ್ತೆ ಏರಿಸುತ್ತದೆ. ಪೆಟ್ರೋಲು ಒಳ್ಳೆಯದಿದ್ದರೆ ಹೆಚ್ಚು ಶಕ್ತಿ, ಕಳಪೆಯಾಗಿದ್ದರೆ ಕಡಮೆ ಶಕ್ತಿ. ಇಂಜಿನ್ನಿಗೆ ಮಾತ್ರ ಕೇಡಿಲ್ಲ. ಯಂತ್ರ ತನ್ನ ಮಿತಿಯನ್ನು ತಾನೇ ಆಲಿಸಿಕೊಂಡು ಅದರ ಅಂಚಿನವರೆಗೂ ಹೋಗಿ ನಿಲ್ಲುತ್ತದೆ. 1986ರ ಅಕ್ಟೋಬರಿನಲ್ಲಿ ಅಮೆರಿಕೆಯ ಟಾಲಡೇಗ ಪಥದಲ್ಲಿ ಸಾಬ್ 9000 ಟರ್ಬೊ ಕಾರುಗಳು ಹಗಲಿರುಳೂ ಓಡಿ 1,00,000 ಕಿಲೊಮೀಟರು ಮುಗಿಸಿದವು. ಅತಿ ವೇಗದ ಕಾರಿನ ಸರಾಸರಿ ಗಂಟೆಗೆ 213 ಕಿಲೊಮೀಟರು. ಬಲಕ್ಕೂ ಬಾಳಿಕೆಗೂ ಹುಟ್ಟುವೈರವಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಆ ಕಂಪನಿ 2011ರಲ್ಲಿ ದಿವಾಳಿಯಾಯಿತು, ನಿಜ. ಆದರೆ ಅದು ಅಂಟಿಸಿದಂಥ ಕಿವಿ ಇಂದಿನ ಟರ್ಬೊ ಪೆಟ್ರೋಲ್ ಕಾರುಗಳಲ್ಲೆಲ್ಲ ಉಳಿದಿದೆ.

ಇಂದಿನ ತರುಣರು ಮಾಡುವುದೇನು? ಕಾರಿನ ಕಂಪ್ಯೂಟರಿನಲ್ಲಿ ಬರೆದಿಟ್ಟ ಒತ್ತಡ, ಇಂಧನ, ಕಿಡಿಯ ವೇಳೆ, ಇವುಗಳ ಪಟ್ಟಿಯನ್ನು ಅಳಿಸಿ ಬೇರೊಂದನ್ನು ಬರೆಸುತ್ತಾರೆ. ಅರ್ಧ ದಿನದ ಕೆಲಸ. ನಮ್ಮ ಬೀದಿಯ ಹುಡುಗನೊಬ್ಬ ಹೀಗೆ ಬರೆಸಿಕೊಂಡು ಬಂದ. ನಾಲ್ಕು ತಿಂಗಳ ಬಳಿಕ ಮೆಕ್ಯಾನಿಕನೊಬ್ಬ ಅವನ ಇಂಜಿನ್ನನ್ನು ಬಿಚ್ಚಿ, ಒಂದು ಪಿಸ್ಟನ್ನನ್ನು ನನ್ನ ಅಂಗೈಯಲ್ಲಿಟ್ಟ. ಅದರ ನೆತ್ತಿಯ ಅಂಚು ಇಲಿ ಕಡಿದ ಕೊಬ್ಬರಿಯಂತೆ ತಿಂದುಹೋಗಿತ್ತು. “ಸಾರ್, ಗಾಳಿ ಜಾಸ್ತಿ ಕೊಟ್ಟವರೆ, ಬಿಸಿ ಹೋಗೋಕೆ ದಾರಿ ಕೊಟ್ಟಿಲ್ಲ” ಎಂದನಾತ. ಇಡೀ ಶಾಸ್ತ್ರದ ಸಾರವನ್ನು ಒಂದು ವಾಕ್ಯದಲ್ಲಿ ಅಡಗಿಸಿದ ಆತನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಹಾಗಾದರೆ ಕ್ರಮ ಯಾವುದು? ಬಲ್ಲವರಿಂದ ಕೇಳಿ, ಓದಿ ತಿಳಿದುದನ್ನು ಹೇಳುತ್ತೇನೆ. ಮೊದಲನೆಯದು, ಇರುವ ಇಂಜಿನ್ನಿನ ಆರೋಗ್ಯ ಪರೀಕ್ಷೆ: ಪ್ರತಿಯೊಂದು ಸಿಲಿಂಡರಿನ ಒತ್ತಡ ಸಮನಾಗಿದೆಯೆ, ಗಾಳಿಯ ಕೊಳವೆ ಎಲ್ಲಾದರೂ ಸೋರುತ್ತಿದೆಯೆ, ಎಣ್ಣೆ ಶುದ್ಧವಾಗಿದೆಯೆ ಎಂದು ನೋಡಬೇಕು. ಎರಡನೆಯದು, ಬಿಸಿಯನ್ನು ಹೊರಹಾಕುವ ಏರ್ಪಾಟು. ಹಿಂಡಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರು ದೊಡ್ಡದಾಗಬೇಕು. ತಂಪಾದ ಗಾಳಿ ದಟ್ಟವೂ ಹೌದು, ಸಿಡಿತಕ್ಕೆ ದೂರವೂ ಹೌದು. ಮೂರನೆಯದು, ಇಂಧನ. ಪೂರ್ಣ ಬಲದಲ್ಲಿ ಎಳೆಯುವಾಗ 14.7ರ ಲೆಕ್ಕ ಸಾಲದು. ಸುಮಾರು 12 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಕೊಟ್ಟರೆ ಆ ಹೆಚ್ಚಿನ ಪೆಟ್ರೋಲು ಆವಿಯಾಗಿ ಒಳಗಿನ ಬೇಗೆಯನ್ನು ತಣಿಸುತ್ತದೆ. ಅಷ್ಟನ್ನು ಒದಗಿಸಲು ಪಂಪೂ ಇಂಜೆಕ್ಟರೂ ಶಕ್ತವಾಗಿರಬೇಕು. ಒತ್ತಡವನ್ನು ಏರಿಸುವ ಸರದಿ ಇದೆಲ್ಲ ಆದಮೇಲೆ. ಅದೂ ಸ್ವಲ್ಪಸ್ವಲ್ಪವಾಗಿ, ಪ್ರತಿ ಮೆಟ್ಟಿಲಲ್ಲೂ ಅಳೆದು ನೋಡಿ. ನಮ್ಮ ಹುಡುಗರು ಹಿಡಿಯುವುದು ಇದರ ತಲೆಕೆಳಗಾದ ಕ್ರಮವನ್ನು.

ಇಂಜಿನ್ನಿನಾಚೆಗೂ ಮೂರು ಮಾತುಂಟು. ಹೆಚ್ಚಿದ ಬಲವನ್ನು ಹೊರುವುದು ಕ್ಲಚ್ಚು ಮತ್ತು ಗೇರುಪೆಟ್ಟಿಗೆ; ಹೆಚ್ಚಿದ ವೇಗವನ್ನು ತಡೆಯುವುದು ಬ್ರೇಕು. ಇವು ಹಳೆಯ ಅಳತೆಯಲ್ಲೇ ಉಳಿದರೆ ಪಂದ್ಯ ಸಮವಲ್ಲ. ಓಡಿಸುವ ರೀತಿಯೂ ಮುಖ್ಯ. ದೀರ್ಘ ಓಟದ ಬಳಿಕ ಇಂಜಿನ್ನನ್ನು ತಟಕ್ಕನೆ ಆರಿಸಿದರೆ ಕಾದ ಟರ್ಬೊವಿನ ಬೇರಿಂಗಿನಲ್ಲಿ ನಿಂತ ಎಣ್ಣೆ ಸುಟ್ಟು ಕರಕಾಗುತ್ತದೆ. ಒಂದೆರಡು ಮಿನಿಟು ಸುಮ್ಮನೆ ಓಡಲು ಬಿಡುವುದು ಲೇಸು. ಇಂದಿನ ಸಣ್ಣ ಇಂಜಿನ್ನುಗಳಲ್ಲಿ ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿರುವಾಗ ಪೆಡಲನ್ನು ಪೂರ್ತಿ ಒತ್ತಿದರೆ ಕಿಡಿಗೂ ಮೊದಲೇ ದಹನ ಆರಂಭವಾಗಿ ಪಿಸ್ಟನ್ನು ಮುರಿಯಬಹುದು. ಗೇರು ಇಳಿಸುವುದೇ ವಿವೇಕ. ಕೊನೆಯದು ಕಾನೂನು. ತಯಾರಕರು ನಮೂದಿಸಿದ ರೂಪದಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಆಸಕ್ತಿಯುಳ್ಳವರು ಅದನ್ನು ಮೊದಲು ಓದಲಿ, ವಿಮೆಯ ಪತ್ರವನ್ನೂ ಓದಲಿ. ಆಮೇಲೆ ಸ್ಪ್ಯಾನರು ಹಿಡಿಯಲಿ.

ತಾರುಣ್ಯಕ್ಕೆ ಬಲದ ಆಸೆ ಸಹಜ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಇಪ್ಪತ್ತೈದು ಅಶ್ವಶಕ್ತಿ ಹೆಚ್ಚಿಸಿಕೊಂಡು ಹತ್ತು ವರ್ಷ ಓಡುವ ಕಾರು ಒಬ್ಬ ಒಳ್ಳೆಯ ಕುಶಲಕರ್ಮಿಯ ಕೈಯಲ್ಲಿ ಸಾಧ್ಯ. ಎಪ್ಪತ್ತೈದು ಹೆಚ್ಚಿಸಿ ನಾಲ್ಕು ತಿಂಗಳು ಓಡುವುದನ್ನು ಮಾಡಲು ಯಾರಾದರೂ ಸಾಕು. ಆ ನಾಲ್ಕನೆಯ ತಿಂಗಳ ಕೊನೆಯ ದಿನ ಹೆದ್ದಾರಿಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಇಂಜಿನ್ನು ಕೈಬಿಟ್ಟರೆ, ಕಾರಿನಲ್ಲಿ ಕುಳಿತಿರುವವರು ಅಶ್ವಶಕ್ತಿಯ ಲೆಕ್ಕ ತಿಳಿಯದ ತಾಯಿಯೂ ತಂಗಿಯೂ ಆಗಿರಬಹುದು. ಹದವನ್ನು ಗೊತ್ತುಮಾಡುವಾಗ ಅವರ ನೆನಪೂ ಇರಲಿ.

(ಬಾನುಲಿ ಭಾಷಣ)